ಸ್ಪೇನಿನ ಅಂತರ್ಯುದ್ಧ: ಯಾವ ಪುಸ್ತಕದಿಂದ ಶುರು ಮಾಡಬೇಕು, ಯಾವ ಚಿತ್ರ ನೋಡಬೇಕು

ಸ್ಪೇನಿನ ಅಂತರ್ಯುದ್ಧದ ಬಗ್ಗೆ ತಿಳಿದುಕೊಳ್ಳಲು ಹೊರಟವರಿಗೆ ಪುಸ್ತಕಗಳ ಕೊರತೆ ಎದುರಾಗುವುದಿಲ್ಲ, ಅವುಗಳ ರಾಶಿಯೇ ದಿಕ್ಕು ತಪ್ಪಿಸುತ್ತದೆ. 1936ರ ಜುಲೈ 17ರಂದು ಮೊರಾಕ್ಕೊದಲ್ಲಿದ್ದ ಸ್ಪೇನಿನ ಸೈನ್ಯ ಚುನಾಯಿತ ಗಣರಾಜ್ಯದ ವಿರುದ್ಧ ದಂಗೆ ಎದ್ದಿತು. 1939ರ ಏಪ್ರಿಲ್ 1ರಂದು ದಂಗೆಕೋರರ ನಾಯಕ ಜನರಲ್ ಫ್ರಾಂಕೊ ಗೆದ್ದು, ಯುದ್ಧ ಮುಗಿಯಿತೆಂದು ಘೋಷಿಸಿದ. ಮೂರು ವರ್ಷವೂ ತುಂಬದ ಈ ಯುದ್ಧದ ಮೇಲೆ ಹಲವು ಭಾಷೆಗಳಲ್ಲಿ ಸಾವಿರಾರು ಪುಸ್ತಕಗಳು ಬಂದಿವೆ. ಇವುಗಳಲ್ಲಿ ಬಹಳಷ್ಟು ಒಂದು ಪಕ್ಷವನ್ನು ಸಮರ್ಥಿಸಿಕೊಳ್ಳಲೆಂದೇ ಬರೆದವು, ಇನ್ನು ಕೆಲವು ಎದುರು ಪಕ್ಷದವರ ಪುಸ್ತಕಕ್ಕೆ ಉತ್ತರ ಕೊಡಲೆಂದು ಬರೆದವು.

ಹಲವು ವರ್ಷಗಳಿಂದ ಈ ವಿಷಯವನ್ನು ಓದುತ್ತ ಬಂದಿರುವ ನನಗೆ ಒಂದು ಅಭ್ಯಾಸ ತುಂಬ ಉಪಯೋಗಕ್ಕೆ ಬಂದಿದೆ. ಒಳಗಿನ ಪುಟಗಳನ್ನು ತಿರುವುವ ಮುನ್ನ ಆ ಪುಸ್ತಕ ಯಾವ ವರ್ಷ, ಯಾವ ಊರಿನಲ್ಲಿ ಮೊದಲು ಅಚ್ಚಾಯಿತು ಎಂದು ನೋಡುವುದು. ಸರ್ವಾಧಿಕಾರಿಯಾಗಿ ಆಳಿದ ಫ್ರಾಂಕೊ 1975ರ ನವೆಂಬರ್ 20ರಂದು ಸಾಯುವವರೆಗೆ ಸ್ಪೇನಿನ ಒಳಗೆ ಈ ಯುದ್ಧದ ಬಗ್ಗೆ ಸ್ವತಂತ್ರವಾಗಿ ಬರೆಯುವ ಹಾಗಿರಲಿಲ್ಲ. ಆದ್ದರಿಂದ ಆ ದೇಶದ ಬಹುದೊಡ್ಡ ದುರಂತದ ಚರಿತ್ರೆಯನ್ನು ಮೂರೂವರೆ ದಶಕಗಳ ಕಾಲ ಮುಖ್ಯವಾಗಿ ಹೊರಗಿನವರು, ಹೊರಗೆ ಕುಳಿತು, ಸ್ಪೇನಿನ ಸರ್ಕಾರಿ ಕಡತಗಳನ್ನು ಕಾಣದೆ ಬರೆಯಬೇಕಾಯಿತು.

ಜೆರಾಲ್ಡ್ ಬ್ರೆನನ್ ಅವರ ‘ದಿ ಸ್ಪ್ಯಾನಿಷ್ ಲ್ಯಾಬಿರಿಂತ್’ 1943ರಲ್ಲಿ ಬಂತು. ಯುದ್ಧಕ್ಕಿಂತ ಹೆಚ್ಚಾಗಿ ಯುದ್ಧದ ಬೇರುಗಳನ್ನು, ಅಂದರೆ ಆಂಡಲೂಸಿಯಾದ ದೊಡ್ಡ ಜಮೀನ್ದಾರಿಕೆ, ಭೂಮಿಯಿಲ್ಲದ ಕೂಲಿಗಳು, ಚರ್ಚಿನ ಹಿಡಿತ, ಸರ್ಕಾರವೇ ಇರಬಾರದೆನ್ನುವ ಅರಾಜಕತಾವಾದಿ ಕಾರ್ಮಿಕ ಸಂಘಗಳು ಇವುಗಳನ್ನು ವಿವರಿಸುವ ಈ ಪುಸ್ತಕಕ್ಕೆ ಇಂದಿಗೂ ಮುಪ್ಪು ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಹ್ಯೂ ಥಾಮಸ್ ಅವರ ‘ದಿ ಸ್ಪ್ಯಾನಿಷ್ ಸಿವಿಲ್ ವಾರ್’ 1961ರಲ್ಲಿ ಬಂದಾಗ ಲೇಖಕರಿಗೆ ಇನ್ನೂ ಮೂವತ್ತರ ಆಸುಪಾಸು. ಅದರ ಸ್ಪ್ಯಾನಿಷ್ ಅನುವಾದವನ್ನು ಪ್ಯಾರಿಸ್‌ನಲ್ಲಿ ದೇಶಭ್ರಷ್ಟರು ನಡೆಸುತ್ತಿದ್ದ ರುಯೇದೊ ಇಬೇರಿಕೊ ಎಂಬ ಪ್ರಕಾಶನ ಹೊರತಂದಿತು. ಪ್ರತಿಗಳು ಗಡಿ ದಾಟಿ ಕದ್ದುಮುಚ್ಚಿ ಸ್ಪೇನಿನೊಳಗೆ ಹೋದವು. ಇಂಥ ಪುಸ್ತಕಗಳ ಪ್ರಭಾವ ಎಷ್ಟಿತ್ತೆಂದರೆ, ಅವುಗಳಿಗೆ ಉತ್ತರ ಕೊಡಲೆಂದೇ ಸ್ಪೇನಿನ ಮಾಹಿತಿ ಸಚಿವಾಲಯ ಒಂದು ಪ್ರತ್ಯೇಕ ಅಧ್ಯಯನ ವಿಭಾಗವನ್ನು ತೆರೆಯಬೇಕಾಯಿತು.

ಗೆರ್ನಿಕಾದ ಕಥೆಯನ್ನು ಗಮನಿಸಿದರೆ ಈ ಪ್ರಕಟಣೆಯ ಇತಿಹಾಸ ಯಾಕೆ ಮುಖ್ಯ ಎಂಬುದು ಸ್ಪಷ್ಟವಾಗುತ್ತದೆ. 1937ರ ಏಪ್ರಿಲ್ 26, ಸೋಮವಾರದ ಮಧ್ಯಾಹ್ನ, ಫ್ರಾಂಕೊನ ನೆರವಿಗೆ ಬಂದಿದ್ದ ಜರ್ಮನಿಯ ಕಾಂಡೋರ್ ದಳದ ವಿಮಾನಗಳು ಇಟಲಿಯ ವಿಮಾನಗಳ ಜೊತೆ ಸೇರಿ ಉತ್ತರ ಸ್ಪೇನಿನ ಆ ಬಾಸ್ಕ್ ಪಟ್ಟಣದ ಮೇಲೆ ಬಾಂಬು ಸುರಿದವು. ‘ದಿ ಟೈಮ್ಸ್’ ಪತ್ರಿಕೆಯ ವರದಿಗಾರ ಜಾರ್ಜ್ ಸ್ಟಿಯರ್ ಅದೇ ರಾತ್ರಿ ಉರಿಯುತ್ತಿದ್ದ ಊರನ್ನು ಕಣ್ಣಾರೆ ನೋಡಿದರು. ಅವರ ವರದಿ 28ರಂದು ಪ್ರಕಟವಾಯಿತು. ಫ್ರಾಂಕೊ ಪಾಳೆಯ ಕೂಡಲೇ ಬೇರೆಯದೇ ಕಥೆ ಹೇಳಿತು: ಹಿಮ್ಮೆಟ್ಟುತ್ತಿದ್ದ ಬಾಸ್ಕರೇ ತಮ್ಮ ಊರಿಗೆ ಬೆಂಕಿ ಇಟ್ಟುಕೊಂಡರು ಎಂದು. ಈ ಸುಳ್ಳು ದಶಕಗಳ ಕಾಲ ಸ್ಪೇನಿನಲ್ಲಿ ಅಧಿಕೃತ ಸತ್ಯವಾಗಿ ಉಳಿಯಿತು, ಹೊರಗೂ ಅದನ್ನು ನಂಬುವವರಿದ್ದರು. ಅಮೆರಿಕದ ಹರ್ಬರ್ಟ್ ಸೌತ್‌ವರ್ತ್ ಅವರು 1970ರ ದಶಕದಲ್ಲಿ ಪ್ರಕಟಿಸಿದ ‘ಗೆರ್ನಿಕಾ! ಗೆರ್ನಿಕಾ!’ ಪುಸ್ತಕದಲ್ಲಿ ಬಾಂಬ್ ದಾಳಿಗಿಂತ ಹೆಚ್ಚಾಗಿ ದಾಳಿಯ ಸುದ್ದಿಯನ್ನೇ ಬೆನ್ನಟ್ಟಿದರು. ಯಾವ ವರದಿ ಎಲ್ಲಿಂದ ಹೊರಟಿತು, ಯಾವ ಪತ್ರಿಕೆ ಯಾವ ಸಾಲನ್ನು ಕೈಬಿಟ್ಟಿತು, ಬೆಂಕಿ ಇಟ್ಟ ಕಥೆ ಯಾರ ಬಾಯಿಂದ ಯಾರ ಬಾಯಿಗೆ ಹೋಯಿತು ಎಂಬುದನ್ನು ಎಳೆಎಳೆಯಾಗಿ ಬಿಡಿಸಿಡುವ ಆ ಪುಸ್ತಕವನ್ನು ಓದುವುದು ಸುಲಭವಲ್ಲ. ಆದರೆ ಸುಳ್ಳು ಸುದ್ದಿ ಹೇಗೆ ಇತಿಹಾಸದ ವೇಷ ತೊಡುತ್ತದೆ ಎಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಇನ್ನೊಂದು ಪುಸ್ತಕವನ್ನು ನಾನು ಓದಿಲ್ಲ.

ಹೊಸಬರು ಅಲ್ಲಿಂದ ಶುರು ಮಾಡಬೇಕಿಲ್ಲ. ಮೊದಲು ಓದಬೇಕಾದದ್ದು ಹೆಲೆನ್ ಗ್ರಹಾಂ ಅವರು ಆಕ್ಸ್‌ಫರ್ಡ್‌ನ ‘ವೆರಿ ಶಾರ್ಟ್ ಇಂಟ್ರಡಕ್ಷನ್’ ಮಾಲೆಗೆ 2005ರಲ್ಲಿ ಬರೆದ ಕಿರುಪುಸ್ತಕ. ಒಂದೆರಡು ದಿನಗಳಲ್ಲಿ ಓದಿ ಮುಗಿಸಬಹುದಾದ ಅದು, ಎಡ ಮತ್ತು ಬಲಗಳ ಜಗಳ ಎಂಬ ಸರಳ ಚಿತ್ರವನ್ನು ಒಡೆದು, ನಗರ ಮತ್ತು ಹಳ್ಳಿ, ಕೇಂದ್ರ ಮತ್ತು ಪ್ರಾಂತ, ಚರ್ಚು ಮತ್ತು ಶಾಲೆ ಇವುಗಳ ನಡುವಿನ ಬಿರುಕುಗಳನ್ನು ಕಾಣಿಸುತ್ತದೆ. ಸೈನಿಕ ಕಾರ್ಯಾಚರಣೆಗಳಲ್ಲಿ ಆಸಕ್ತಿ ಇರುವವರು ಆಂಟನಿ ಬೀವರ್ ಅವರ ‘ದಿ ಬ್ಯಾಟಲ್ ಫಾರ್ ಸ್ಪೇನ್’ ಓದಬೇಕು. 1982ರಲ್ಲಿ ಬರೆದಿದ್ದ ತಮ್ಮದೇ ಪುಸ್ತಕವನ್ನು, ರಷ್ಯಾದ ಕಡತಗಳು ತೆರೆದ ಮೇಲೆ ಅವರು ಹೊಸದಾಗಿ ಬರೆದರು; ಇಂಗ್ಲಿಷ್ ಆವೃತ್ತಿ ಬಂದದ್ದು 2006ರಲ್ಲಿ. ಸ್ವತಃ ಸೈನ್ಯದಲ್ಲಿದ್ದವರು ಬರೆದದ್ದಾದ್ದರಿಂದ ಎಬ್ರೊ ನದಿಯ ಕದನದಂಥ ಭಾಗಗಳಲ್ಲಿ ಗಣರಾಜ್ಯದ ಸೇನಾಪತಿಗಳು ಎಲ್ಲಿ ಎಡವಿದರು ಎಂಬುದರ ವಿಶ್ಲೇಷಣೆ ನಿಷ್ಠುರವಾಗಿದೆ.

ಇಷ್ಟಾದ ಮೇಲೆ ನಾನು ಎಲ್ಲರ ಕೈಗೂ ಕೊಡಬಯಸುವ ಪುಸ್ತಕ ರೊನಾಲ್ಡ್ ಫ್ರೇಸರ್ ಅವರ ‘ಬ್ಲಡ್ ಆಫ್ ಸ್ಪೇನ್’. 1979ರಲ್ಲಿ ಪ್ರಕಟವಾದ ಇದಕ್ಕಾಗಿ ಅವರು 1973ರಿಂದ 1975ರ ನಡುವೆ, ಫ್ರಾಂಕೊ ಇನ್ನೂ ಬದುಕಿದ್ದಾಗಲೇ, ಮುನ್ನೂರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದರು. ಅಸ್ತೂರಿಯಸ್‌ನ ಗಣಿ ಕಾರ್ಮಿಕರು, ಆರಗಾನ್‌ನ ಹಳ್ಳಿಗಳಲ್ಲಿ ಹೊಲಗಳನ್ನು ಒಟ್ಟುಗೂಡಿಸಿ ಸಾಮೂಹಿಕ ಬೇಸಾಯ ಮಾಡಿದವರು, ಅದೇ ಹಳ್ಳಿಗಳಲ್ಲಿ ಆ ಸಾಮೂಹಿಕತೆಗೆ ಒಲ್ಲದ ಮನಸ್ಸಿನಿಂದ ಸೇರಿದ ಸಣ್ಣ ರೈತರು, ನವಾರಾದ ಭಕ್ತ ಕ್ಯಾಥೊಲಿಕ್ ಸ್ವಯಂಸೇವಕರು, ಫಾಸಿಸ್ಟ್ ಫಲಾಂಜ್ ಪಕ್ಷದ ತರುಣರು, ಬಾಸ್ಕ್ ರಾಷ್ಟ್ರೀಯವಾದಿಗಳು ಹೀಗೆ ಎಲ್ಲರೂ ಇಲ್ಲಿ ಮಾತನಾಡುತ್ತಾರೆ. ಯಾರ ಮಾತನ್ನೂ ಫ್ರೇಸರ್ ಅಡ್ಡಗಟ್ಟುವುದಿಲ್ಲ. ಒಬ್ಬರ ನೆನಪಿನ ಪಕ್ಕದಲ್ಲಿ ಇನ್ನೊಬ್ಬರ ನೆನಪನ್ನು ಇಟ್ಟು, ನಡುವೆ ತಮ್ಮ ಚಿಕ್ಕ ವಿವರಣೆಯನ್ನು ಸೇರಿಸಿ ಮುಂದೆ ಸಾಗುತ್ತಾರೆ. ಒಂದೇ ದಿನದ ಘಟನೆ ಬೀದಿಯ ಈ ಬದಿಯಲ್ಲಿದ್ದವರಿಗೆ ಬಿಡುಗಡೆಯಾಗಿ, ಆ ಬದಿಯಲ್ಲಿದ್ದವರಿಗೆ ಜೀವಭಯವಾಗಿ ಕಂಡದ್ದನ್ನು ಓದುವಾಗ, ಅಂತರ್ಯುದ್ಧ ಒಂದು ಊರಿನ ಒಳಗೆ, ಒಂದು ಮನೆಯ ಒಳಗೆ ಹೇಗೆ ಹೊಕ್ಕಿತು ಎಂಬುದು ಅರಿವಿಗೆ ಬರುತ್ತದೆ. ದಪ್ಪ ಪುಸ್ತಕ, ಹೆಸರುಗಳು ಬಹಳ. ಆದರೂ ಬೇಸರಿಸದೆ ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಬಹುತೇಕರು ಮೊದಲು ಓದುವುದು ಜಾರ್ಜ್ ಆರ್ವೆಲ್ ಅವರ ‘ಹೋಮೇಜ್ ಟು ಕ್ಯಾಟಲೋನಿಯಾ’. ನನ್ನ ಸಲಹೆ, ಅದನ್ನು ಮೂರನೆಯದಾಗಿ ಓದಿ. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆರ್ವೆಲ್ 1936ರ ಡಿಸೆಂಬರಿನಲ್ಲಿ ಬಾರ್ಸಿಲೋನಾ ತಲುಪಿ, ಸ್ಟಾಲಿನ್ ವಿರೋಧಿ ಮಾರ್ಕ್ಸ್‌ವಾದಿಗಳ ಪೊಉಮ್ ಪಕ್ಷದ ಪಡೆಗೆ ಸೇರಿದರು. ಆರಗಾನ್ ಗಡಿಯ ಕಂದಕಗಳ ಚಳಿ, ಹೇನು, ತುಕ್ಕು ಹಿಡಿದ ಬಂದೂಕು, ಮುಗಿಯದ ಬೇಸರ ಇವನ್ನು ಅವರು ವರ್ಣಿಸುವ ರೀತಿಗೆ ಸಾಟಿಯಿಲ್ಲ. 1937ರ ಮೇ 3ರಂದು ಬಾರ್ಸಿಲೋನಾದ ದೂರವಾಣಿ ಕೇಂದ್ರವನ್ನು ಅರಾಜಕತಾವಾದಿ ಕಾರ್ಮಿಕರ ಕೈಯಿಂದ ಕಿತ್ತುಕೊಳ್ಳಲು ಪೊಲೀಸರು ನುಗ್ಗಿದಾಗ, ಫ್ರಾಂಕೊನ ವಿರುದ್ಧ ಒಟ್ಟಾಗಿ ಹೋರಾಡಬೇಕಿದ್ದವರೇ ಪರಸ್ಪರ ಗುಂಡು ಹಾರಿಸಿಕೊಂಡರು. ಆರ್ವೆಲ್ ಆಗ ರಾಂಬ್ಲಾಸ್ ಬೀದಿಯ ಪೊಲಿಯೊರಾಮಾ ಎಂಬ ಸಿನಿಮಾ ಮಂದಿರದ ಮಾಳಿಗೆಯ ಮೇಲೆ ಬಂದೂಕು ಹಿಡಿದು, ಬೀದಿಯ ಎದುರು ಬದಿಯಲ್ಲಿದ್ದ ತಮ್ಮ ಪಕ್ಷದ ಕಚೇರಿಯನ್ನು ಕಾಯುತ್ತ, ಹಸಿವಿನಲ್ಲಿ, ಪೆಂಗ್ವಿನ್ ಪುಸ್ತಕಗಳನ್ನು ಓದುತ್ತ ಕಾಲ ಕಳೆದರು. ಆ ಕಚೇರಿಯ ಪಕ್ಕದ ಮೋಕಾ ಕಾಫಿ ಅಂಗಡಿಯಲ್ಲಿ ಸರ್ಕಾರಿ ಪೊಲೀಸರು ಸೇರಿಕೊಂಡಿದ್ದರು. ಗುಂಡು ಹಾರಿಸುವ ಇಷ್ಟ ಇಬ್ಬರಿಗೂ ಇರಲಿಲ್ಲ.

ಇಷ್ಟು ಹತ್ತಿರದಿಂದ ಬರೆದದ್ದೇ ಅದರ ಶಕ್ತಿಯೂ ಹೌದು, ಮಿತಿಯೂ ಹೌದು. ಆರ್ವೆಲ್ ಕಂಡದ್ದು ಶಾಂತವಾಗಿದ್ದ ಒಂದು ರಣರಂಗ ಮತ್ತು ಒಂದು ವಾರದ ಬೀದಿ ಕಾಳಗ. ಮ್ಯಾಡ್ರಿಡ್ಡಿನ ಮುತ್ತಿಗೆ, ಬಾಸ್ಕ್ ಸೀಮೆಯ ಪತನ, ಶಸ್ತ್ರಾಸ್ತ್ರ ಕೊಳ್ಳಲು ಗಣರಾಜ್ಯ ಪಟ್ಟ ಪಾಡು, ಬ್ರಿಟನ್ ಮತ್ತು ಫ್ರಾನ್ಸ್ ಹಿಡಿದುಕೊಂಡ ತಟಸ್ಥ ನೀತಿ ಇವು ಆ ಪುಸ್ತಕದ ವ್ಯಾಪ್ತಿಯಲ್ಲಿ ಇಲ್ಲ. ತಮ್ಮ ಪಕ್ಷಪಾತದ ಬಗ್ಗೆ ಎಚ್ಚರವಿರಲಿ ಎಂದು ಕೊನೆಯಲ್ಲಿ ಓದುಗರಿಗೆ ಅವರೇ ಹೇಳಿದ್ದಾರೆ. ಕೊಳ್ಳುವಾಗ ಆವೃತ್ತಿಯನ್ನೂ ಗಮನಿಸಿ: ರಾಜಕೀಯ ಪಕ್ಷಗಳ ಒಳಜಗಳವನ್ನು ವಿವರಿಸುವ ಎರಡು ಅಧ್ಯಾಯಗಳನ್ನು, ಆರ್ವೆಲ್ ಅವರದೇ ಇಚ್ಛೆಯಂತೆ, ಈಚಿನ ಆವೃತ್ತಿಗಳಲ್ಲಿ ಅನುಬಂಧವಾಗಿ ಹಿಂದಕ್ಕೆ ಸರಿಸಲಾಗಿದೆ. 1938ರ ಮೊದಲ ಮುದ್ರಣದ ಸಾವಿರದ ಐನೂರು ಪ್ರತಿಗಳು 1950ರಲ್ಲಿ ಅವರು ತೀರಿಕೊಳ್ಳುವವರೆಗೂ ಖಾಲಿಯಾಗಿರಲಿಲ್ಲ ಎಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಆರ್ವೆಲ್ ಜೊತೆಗೆ ಒಬ್ಬ ಸ್ಪೇನಿಗನನ್ನೂ ಓದಲೇಬೇಕು. ಮ್ಯಾಡ್ರಿಡ್ಡಿನ ದೂರವಾಣಿ ಕಟ್ಟಡದಲ್ಲಿ ಕುಳಿತು, ಮೇಲೆ ಶೆಲ್ ಬೀಳುತ್ತಿರುವಾಗ, ವಿದೇಶಿ ವರದಿಗಾರರ ಸುದ್ದಿಗಳನ್ನು ಪರಿಶೀಲಿಸುತ್ತಿದ್ದ ಆರ್ತುರೊ ಬರೆಯಾ ತಮ್ಮ ಆತ್ಮಕಥೆಯನ್ನು ಮೂರು ಸಂಪುಟಗಳಲ್ಲಿ ಬರೆದಿದ್ದಾರೆ. ಇಂಗ್ಲೆಂಡಿನಲ್ಲಿ ದೇಶಭ್ರಷ್ಟರಾಗಿದ್ದ ಅವರ ಈ ಕೃತಿ 1940ರ ದಶಕದಲ್ಲಿ ಮೊದಲು ಬೆಳಕು ಕಂಡದ್ದು ಇಂಗ್ಲಿಷಿನಲ್ಲಿ. ಅವರದೇ ದೇಶದಲ್ಲಿ ಅಚ್ಚಾಗಲು ಫ್ರಾಂಕೊ ಸಾಯಬೇಕಾಯಿತು.

ಕೊಲೆಗಳ ಲೆಕ್ಕದ ವಿಷಯಕ್ಕೆ ಬಂದರೆ ಪಾಲ್ ಪ್ರೆಸ್ಟನ್ ಅವರ ‘ದಿ ಸ್ಪ್ಯಾನಿಷ್ ಹಾಲೊಕಾಸ್ಟ್’ ಅನಿವಾರ್ಯ. ರಣರಂಗದಿಂದ ದೂರದಲ್ಲಿ, ನ್ಯಾಯ ವಿಚಾರಣೆಯಿಲ್ಲದೆ ಅಥವಾ ಹೆಸರಿಗಷ್ಟೇ ವಿಚಾರಣೆ ನಡೆಸಿ ಕೊಂದವರ ಸಂಖ್ಯೆ ಸುಮಾರು 2 ಲಕ್ಷ ಎಂದು ಅವರು ಅಂದಾಜು ಮಾಡುತ್ತಾರೆ. ಅದರಲ್ಲಿ ಗಣರಾಜ್ಯದ ಪ್ರದೇಶದಲ್ಲಿ ಸತ್ತವರು ಸುಮಾರು 50 ಸಾವಿರ, ಉಳಿದವರು ದಂಗೆಕೋರರ ಕೈಯಲ್ಲಿ ಸತ್ತವರು. 1936ರ ಆಗಸ್ಟಿನಲ್ಲಿ ಬಡಾಹೋಸ್ ಪಟ್ಟಣದಲ್ಲಿ ಫ್ರಾಂಕೊನ ಪಡೆ ನಡೆಸಿದ ನರಮೇಧದ ಬಗ್ಗೆ ಎಷ್ಟು ವಿವರವಾಗಿ ಬರೆಯುತ್ತಾರೋ, ಅದೇ ವರ್ಷದ ನವೆಂಬರಿನಲ್ಲಿ ಗಣರಾಜ್ಯದ ಕಡೆಯವರು ಮ್ಯಾಡ್ರಿಡ್ ಜೈಲುಗಳಿಂದ ಕೈದಿಗಳನ್ನು ಸಾಗಿಸಿ ಪರಕುಯೆಲ್ಲೋಸ್‌ನಲ್ಲಿ ಗುಂಡಿಕ್ಕಿ ಕೊಂದ ಬಗ್ಗೆಯೂ ಅಷ್ಟೇ ವಿವರವಾಗಿ ಬರೆಯುತ್ತಾರೆ. ಪ್ರೆಸ್ಟನ್ ಅವರ ಸಹಾನುಭೂತಿ ಗಣರಾಜ್ಯದ ಕಡೆಗಿದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಎರಡನೆಯ ಘಟನೆಯನ್ನು ಪೂರ್ತಿ ಕೈಬಿಟ್ಟ ಅಥವಾ ಮೊದಲನೆಯದನ್ನು ಅಲ್ಲಗಳೆದ ಪುಸ್ತಕ ನಿಮ್ಮ ಕೈಗೆ ಸಿಕ್ಕರೆ ಅದನ್ನು ಪಕ್ಕಕ್ಕಿಡಬಹುದು.

ಸಾಕ್ಷ್ಯಚಿತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆ ಕಾಲದ ಚಿತ್ರಸುರುಳಿಗಳೆಲ್ಲ ಯಾವುದೋ ಒಂದು ಪಾಳೆಯದ ಕ್ಯಾಮೆರಾದಿಂದ ಬಂದವು, ಬಹುಪಾಲು ಧ್ವನಿಯಿಲ್ಲದೆ ಚಿತ್ರೀಕರಿಸಿದವು. ಯೋರಿಸ್ ಇವೆನ್ಸ್ ಅವರ 1937ರ ‘ದಿ ಸ್ಪ್ಯಾನಿಷ್ ಅರ್ತ್’ ಚಿತ್ರದಲ್ಲಿ ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆ ಅವರದೇ ನಿರೂಪಣೆಯ ಧ್ವನಿ ಇದೆ. ಆದರೆ ಬಾಂಬು ಬೀಳುವ ಸದ್ದನ್ನು ಹಾಲಿವುಡ್ಡಿನ ಭೂಕಂಪದ ಚಿತ್ರವೊಂದರಿಂದ ತಂದು, ಹಿಂದುಮುಂದಾಗಿ ಓಡಿಸಿ ಸೇರಿಸಿದ್ದರು. ಹಾಗೆಂದು ಚಿತ್ರ ಬೇಡವೆಂದಲ್ಲ. ಫುಯೆಂತಿದುಯೆನ್ಯಾ ಎಂಬ ಹಳ್ಳಿಯ ರೈತರು, ಹಿಂದೆ ಜಮೀನ್ದಾರರ ಕೈಯಲ್ಲಿ ಬೀಳುಬಿದ್ದಿದ್ದ ನೆಲಕ್ಕೆ ಕಾಲುವೆ ತೋಡಿ ನೀರು ಹಾಯಿಸುವ ದೃಶ್ಯಗಳಲ್ಲಿ ಆ ಗಣರಾಜ್ಯಕ್ಕೆ ಜನ ಯಾಕೆ ಪ್ರಾಣ ಕೊಟ್ಟರು ಎಂಬುದು ಕಾಣುತ್ತದೆ. ಫ್ರೆದೆರಿಕ್ ರೊಸ್ಸಿಫ್ ಅವರ 1963ರ ಫ್ರೆಂಚ್ ಚಿತ್ರ ‘ಮುರಿರ್ ಆ ಮದ್ರಿದ್’ ಕಾವ್ಯದಂತಿದೆ, ಇತಿಹಾಸವಾಗಿ ತೆಳು. ಅದಕ್ಕೆ ಉತ್ತರವಾಗಿ ಸ್ಪೇನಿನಲ್ಲಿ 1965ರಲ್ಲಿ ‘ಮೊರಿರ್ ಎನ್ ಎಸ್ಪಾನ್ಯಾ’ ಎಂಬ ಚಿತ್ರವೇ ತಯಾರಾಯಿತು.

ಒಂದನ್ನೇ ನೋಡಲು ಸಮಯವಿದ್ದರೆ ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ 1980ರ ದಶಕದ ಮೊದಲಲ್ಲಿ ತಯಾರಿಸಿದ ಆರು ಕಂತುಗಳ ‘ದಿ ಸ್ಪ್ಯಾನಿಷ್ ಸಿವಿಲ್ ವಾರ್’ ನೋಡಿ. ಫ್ರಾಂಕೊ ಸತ್ತಿದ್ದ, ಮಾತನಾಡಲು ಭಯವಿರಲಿಲ್ಲ, ಯುದ್ಧ ಮಾಡಿದವರು ಎಪ್ಪತ್ತರ ವಯಸ್ಸಿನಲ್ಲಿ ಇನ್ನೂ ಬದುಕಿದ್ದರು. ಆ ಕೆಲವೇ ವರ್ಷಗಳಲ್ಲಿ ಮಾತ್ರ ಸಾಧ್ಯವಿದ್ದ ಕೆಲಸ ಅದು, ಈಗ ಯಾರೂ ಮಾಡಲಾರರು. ಅದೇ ಅವಧಿಯ ಇನ್ನೊಂದು ಚಿತ್ರ ಹೈಮೆ ಕಮೀನೊ ಅವರ ‘ಲಾ ವಿಯೆಹಾ ಮೆಮೋರಿಯಾ’. ಕಮ್ಯುನಿಸ್ಟ್ ನಾಯಕಿ ದೊಲೊರೆಸ್ ಇಬಾರುರಿ, ಅರಾಜಕತಾವಾದಿ ಫೆದೆರಿಕಾ ಮೊಂತ್ಸೆನಿ, ಬಲಪಂಥದ ಹಿಲ್ ರೊಬ್ಲೆಸ್ ಮುಂತಾದವರನ್ನು ಬೇರೆ ಬೇರೆಯಾಗಿ ಸಂದರ್ಶಿಸಿ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡು ಉತ್ತರಿಸುತ್ತಿರುವಂತೆ ಜೋಡಿಸಿದ್ದಾರೆ. ಜೀವನದಲ್ಲಿ ಎದುರುಬದುರು ಕೂರದವರು ಅಲ್ಲಿ ವಾದ ಮಾಡುತ್ತಾರೆ.

2018ರ ‘ದಿ ಸೈಲೆನ್ಸ್ ಆಫ್ ಅದರ್ಸ್’ ಯುದ್ಧದ ಚಿತ್ರವಲ್ಲ, ಅದರ ನಂತರದ್ದು. 1977ರ ಕ್ಷಮಾದಾನ ಕಾನೂನಿನಿಂದಾಗಿ ಸ್ಪೇನಿನ ನ್ಯಾಯಾಲಯಗಳ ಬಾಗಿಲು ಮುಚ್ಚಿದಾಗ ಕೊಲೆಯಾದವರ ಮಕ್ಕಳು, ಚಿತ್ರಹಿಂಸೆಗೆ ಒಳಗಾದವರು ಅರ್ಜೆಂಟೀನಾದ ನ್ಯಾಯಾಲಯಕ್ಕೆ ಹೋದ ಕಥೆ ಅದು. ಕೊಲೆಯಾದ ತಾಯಿಯ ಹೆಣ ಹೂತ ಜಾಗದ ಮೇಲೆ ಡಾಂಬರು ರಸ್ತೆ ಹಾದುಹೋಗಿದೆ. ತುಂಬ ವಯಸ್ಸಾದ ಮಗಳು ರಸ್ತೆಯ ಅಂಚಿನಲ್ಲಿ ಕುಳಿತು, ಕ್ಷೀಣವಾದ ದನಿಯಲ್ಲಿ ಮಾತನಾಡುತ್ತಾಳೆ, ವಾಹನಗಳು ಪಕ್ಕದಲ್ಲೇ ಓಡಾಡುತ್ತಿರುತ್ತವೆ. ನೋಡುವ ಮುನ್ನ ಪ್ರೆಸ್ಟನ್ ಅವರ ಅಂಕಿಗಳನ್ನು ಓದಿಕೊಂಡಿದ್ದರೆ ಆ ದೃಶ್ಯದ ಭಾರ ಇನ್ನೂ ಹೆಚ್ಚು ತಟ್ಟುತ್ತದೆ.

ಭಾರತದ ಓದುಗರು ಹುಡುಕಬೇಕಾದ ಒಂದು ಪುಸ್ತಕ 1940ರಲ್ಲಿ ಅಲಹಾಬಾದಿನಿಂದ ಪ್ರಕಟವಾದ ನೆಹರೂ ಅವರ ‘ಚೈನಾ, ಸ್ಪೇನ್ ಅಂಡ್ ದಿ ವಾರ್’. 1938ರ ಜೂನಿನಲ್ಲಿ ಅವರು ಕೃಷ್ಣ ಮೆನನ್ ಜೊತೆ ಬಾರ್ಸಿಲೋನಾಗೆ ಹೋಗಿ, ಐದು ದಿನ ಇದ್ದು, ರಾತ್ರಿ ಬೀಳುವ ಬಾಂಬುಗಳನ್ನು ನೋಡಿ ಬಂದಿದ್ದರು. ನಾಗಪುರದ ಗೋಪಾಲ ಮುಕುಂದ ಹುದ್ದಾರ್ ‘ಜಾನ್ ಸ್ಮಿತ್’ ಎಂಬ ಹೆಸರಿನಲ್ಲಿ, ಗಣರಾಜ್ಯದ ಪರ ಹೋರಾಡಲು ಬಂದ ವಿದೇಶಿ ಸ್ವಯಂಸೇವಕರ ಅಂತರರಾಷ್ಟ್ರೀಯ ದಳ ಸೇರಿ ಸೆರೆಯಾದರು. ಸ್ಪೇನಿನಲ್ಲಿ ವೈದ್ಯರಾಗಿ ದುಡಿದ ಡಾ. ಅಟಲ್ ಮುಂದೆ ಚೀನಾಕ್ಕೆ ಹೋದ ಭಾರತೀಯ ವೈದ್ಯಕೀಯ ತಂಡದ ಮುಖ್ಯಸ್ಥರಾದರು. ಇವರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ಬರಲಿ ಎಂಬುದು ನನ್ನ ಆಸೆ.

ಮೂಲ ದಾಖಲೆಗಳನ್ನೇ ನೋಡಬಯಸುವವರು ಈಗ ಮನೆಯಿಂದಲೇ ಶುರು ಮಾಡಬಹುದು. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯ ತನ್ನಲ್ಲಿರುವ ಕಾರ್ಮಿಕ ಸಂಘಗಳ ಸ್ಪೇನ್ ಕಡತಗಳನ್ನು ಅಂತರ್ಜಾಲಕ್ಕೆ ಏರಿಸಿದೆ. ಕರಪತ್ರ, ಪತ್ರವ್ಯವಹಾರ, ವರದಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಸ್ಪ್ಯಾನಿಷ್ ಸ್ವಲ್ಪ ಬರುವವರಿಗೆ ಸ್ಪೇನಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಪತ್ರಿಕಾ ಸಂಗ್ರಹದಲ್ಲಿ 1936ರ ದಿನಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಸೌತ್‌ವರ್ತ್ ಅವರು ಜೀವನವಿಡೀ ಕೂಡಿಸಿದ ಪುಸ್ತಕಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಗ್ರಂಥಾಲಯದಲ್ಲಿವೆ, ಅಮೆರಿಕದಲ್ಲಿ ಆ ಕಡೆ ಇರುವ ಕನ್ನಡಿಗರು ಹೋಗಿ ನೋಡಬಹುದು.