"ಅಕ್ಕ, ಹಾಡಿಗೆ ವಿಡಿಯೋ ಅಷ್ಟು ಸರಿಯಾಗಿ ಹೇಗೆ ಕೂರಿಸ್ತೀರಿ?"

ಅಷ್ಟಮಿ ಮುಗಿದ ಮೇಲೆ ಉಡುಪಿಯವರು ಕೇಳುತ್ತಾರೆ. ದಸರಾಕ್ಕೆ ಮಂಗಳೂರಿನವರು ಕೇಳುತ್ತಾರೆ. ಮದುವೆ ಸೀಸನ್ನಿನಲ್ಲಿ ನೆಂಟರು. "ಅಕ್ಕ, ನಿಮ್ಮ ಹುಲಿವೇಷದ ವಿಡಿಯೋದಲ್ಲಿ ಹಾಡಿನ ಪೆಟ್ಟು ಬೀಳುವಾಗಲೇ ಕಾಲೂ ಬೀಳ್ತದಲ್ವಾ, ಅದು ಹೇಗೆ? ಎಲ್ಲ ಫೋನಲ್ಲೇ ಮಾಡುವುದಾ? ಯಾವ ಆ್ಯಪ್ ಮಾರಾಯ್ತಿ?"

ಆ್ಯಪಿನ ಮಾತು ಮೊದಲೇ ಮುಗಿಸುತ್ತೇನೆ. ಮೊದಲು ಕೈನ್‌ಮಾಸ್ಟರ್ ಬಳಸುತ್ತಿದ್ದೆ, ಈಗ ವಿಎನ್. ಇನ್‌ಶಾಟ್ ಆದರೂ ನಡೆಯುತ್ತದೆ. ಟೈಮ್‌ಲೈನನ್ನು ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಲಿಕ್ಕೆ ಆಗಬೇಕು, ಕ್ಲಿಪ್ಪನ್ನು ಸ್ವಲ್ಪ ಸ್ವಲ್ಪವೇ ಸರಿಸಲಿಕ್ಕೆ ಆಗಬೇಕು, ಸ್ಪೀಡ್ ಬದಲಿಸಲಿಕ್ಕೆ ಆಗಬೇಕು. ಇಷ್ಟಿದ್ದರೆ ಸಾಕು.

ನಿಜವಾದ ಉತ್ತರ ಬೇರೆ. ಎಲ್ಲರೂ ಹಾಡಿನ ತಾಳ ಹುಡುಕುತ್ತಾರೆ. ವಿಡಿಯೋಕ್ಕೂ ಒಂದು ತಾಳ ಉಂಟು. ಅದನ್ನು ಹಿಡಿಯದೆ ಎಂಥ ಒಳ್ಳೆ ಹಾಡು ಹಾಕಿದರೂ ಎರಡೂ ಬೇರೆ ಬೇರೆಯಾಗಿಯೇ ಓಡುತ್ತವೆ.

ಹಾಗಾಗಿ ನಾನು ಮೊದಲು ವಿಡಿಯೋವನ್ನು ಮ್ಯೂಟ್ ಮಾಡಿ ನೋಡುತ್ತೇನೆ. ಒಂದು ಸಲ ಅಲ್ಲ, ನಾಲ್ಕೈದು ಸಲ. ಸದ್ದು ಇಲ್ಲದಾಗ ಕಣ್ಣು ಚುರುಕಾಗುತ್ತದೆ. ಮಲ್ಪೆಯಲ್ಲಿ ಅಲೆ ಮಗುಚಿ ಮರಳಿಗೆ ಬಡಿಯುವ ಕ್ಷಣ, ನೀರುದೋಸೆ ಹಿಟ್ಟು ಕಾವಲಿಗೆ ಬೀಳುವ ಕ್ಷಣ, ಮದುಮಗಳು ತಲೆ ಎತ್ತಿ ನಗುವ ಕ್ಷಣ. ಪ್ರತಿ ಕ್ಲಿಪ್ಪಿನಲ್ಲೂ ಹೀಗೆ ಒಂದು ಕಡೆ ಭಾರ ಬೀಳುತ್ತದೆ. ಹಾಡಿನ ಪೆಟ್ಟು, ಅಂದರೆ ಬೀಟ್, ಅಲ್ಲಿಗೆ ಬರಬೇಕು.

ನನ್ನ ಹತ್ತಿರ ಇರುವ ಒಂದು ಕ್ಲಿಪ್ಪನ್ನೇ ಹೇಳುತ್ತೇನೆ. ಹತ್ತು ಸೆಕೆಂಡ್ ಅಷ್ಟೇ. ಒಬ್ಬ ಮರಿಹುಲಿ, ಎಂಟೋ ಒಂಬತ್ತೋ ವರ್ಷದ ಹುಡುಗ, ರಸ್ತೆ ಮಧ್ಯೆ ಹಾರುತ್ತಾನೆ. ಮೊದಲ ಸಲ ನಾನು ಹಾಡಿನ ದೊಡ್ಡ ಪೆಟ್ಟನ್ನು ಅವನು ಗಾಳಿಯಲ್ಲಿದ್ದ ಫ್ರೇಮಿಗೆ (ವಿಡಿಯೋದ ಒಂದು ಬಿಡಿ ಚಿತ್ರಕ್ಕೆ) ಇಟ್ಟೆ, ಅದೇ ಚಂದ ಕಾಣುತ್ತಿತ್ತು. ಆದರೆ ಓಡಿಸಿ ನೋಡಿದರೆ ಏನೋ ಸಡಿಲ. ಮತ್ತೆ ಒಂದೊಂದೇ ಫ್ರೇಮ್ ನೋಡಿದೆ. ಅಂಗಾಲು ನೆಲಕ್ಕೆ ಒತ್ತುತ್ತದೆ, ಮೊಣಕಾಲು ಬಗ್ಗುತ್ತದೆ, ಹಳದಿ ಬಣ್ಣ ಬಳಿದ ಹೊಟ್ಟೆ ಒಮ್ಮೆ ಅದುರುತ್ತದೆ. ಅಂಗಾಲು ಒತ್ತಿದ ಆ ಫ್ರೇಮಿಗೆ ಪೆಟ್ಟು ತಂದೆ. ಕೂತಿತು! ಅದೇ ಹುಡುಗ, ಅದೇ ಹಾಡು, ಆದರೆ ಈಗ ಅವನ ಕಾಲಿನಿಂದಲೇ ಆ ಸದ್ದು ಬಂದ ಹಾಗೆ.

ಒಂದು ಹೆಜ್ಜೆ ಕೂತರೆ ಸಾಕಾ? ಮುಂದಿನ ಹೆಜ್ಜೆಗಳು ತಪ್ಪುತ್ತವೆ ಅಲ್ವಾ? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಹಾಡು ಹಾಕಿ 15 ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಅಂತ ಎಣಿಸಿ, ನಾಲ್ಕರಿಂದ ಗುಣಿಸಿ. 25 ಬಂದರೆ ನಿಮಿಷಕ್ಕೆ 100. ಹುಡುಗನ ಹೆಜ್ಜೆಯನ್ನೂ ಹಾಗೆಯೇ ಎಣಿಸಿ. ಸೆಕೆಂಡಿಗೆ ಎರಡು ಹೆಜ್ಜೆ ಇದ್ದರೆ ನಿಮಿಷಕ್ಕೆ 120. ಹಾಡು 100, ಹೆಜ್ಜೆ 120. ಕ್ಲಿಪ್ಪಿನ ಸ್ಪೀಡನ್ನು 0.83 ಮಾಡಿದರೆ ಎರಡೂ ಒಂದೇ ನಡೆಗೆ ಬರುತ್ತವೆ. ಹೀಗೆ ನಿಧಾನ ಮಾಡುವ ಯೋಚನೆ ಇದ್ದರೆ ತೆಗೆಯುವಾಗಲೇ ಫೋನನ್ನು ಸೆಕೆಂಡಿಗೆ 60 ಫ್ರೇಮಿಗೆ ಇಟ್ಟುಕೊಳ್ಳಿ. 30ರಲ್ಲಿ ತೆಗೆದದ್ದನ್ನು ಎಳೆದರೆ ಕಾಲು ತಡವರಿಸುತ್ತದೆ.

ಆದರೆ ಸ್ಪೀಡ್ ಬದಲಿಸಿದರೆ ಹಿಂದಿನ ತಾಸೆ, ಡೋಲಿನ ಸದ್ದು ಕೆಡುತ್ತದೆ. ಅದನ್ನು ತೆಗೆದೇ ಹಾಕಬೇಕು. ನನಗೆ ಅದು ಸಂಕಟ. ತಾಸೆಯ ಆ ಚರಚರ ಕೇಳಿಯೇ ಹುಲಿ ಕುಣಿದದ್ದು, ಅದನ್ನೇ ಮುಚ್ಚಿ ಮೇಲೆ ಯಾವುದೋ ಹಾಡು ಹಾಕುವುದು ಯಾಕೆ? ಹುಲಿವೇಷಕ್ಕೆ ನಾನು ಹೆಚ್ಚಾಗಿ ತಾಸೆಯನ್ನೇ ಸಂಗೀತ ಮಾಡುತ್ತೇನೆ. ಒಂದು ಕಡೆ ಚೆನ್ನಾಗಿ ಸಿಕ್ಕಿದ ಒಂದು ನಿಮಿಷದ ತಾಸೆಯನ್ನು ತಡೆಯಿಲ್ಲದೆ ಕೆಳಗೆ ಹಾಸಿ, ಅದರ ಮೇಲೆ ಬೇರೆ ಬೇರೆ ಕ್ಲಿಪ್ ಜೋಡಿಸುತ್ತೇನೆ. ಅಕ್ಕಿ ಮುಡಿಯನ್ನು (ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆ) ಹಲ್ಲಲ್ಲಿ ಕಚ್ಚಿ ಎಸೆಯುವ ದೃಶ್ಯ ಇದ್ದರೆ, ಮುಡಿ ನೆಲಕ್ಕೆ ಬಿದ್ದ ಸದ್ದು ಮಾತ್ರ ಅದರದ್ದೇ ಇರಬೇಕು. ಅದಕ್ಕೆ ಬದಲಿ ಇಲ್ಲ.

ಇನ್ನೊಂದು ವಿಷಯ. ಬ್ಲೂಟೂತ್ ಇಯರ್‌ಫೋನ್ ಹಾಕಿ ಪೆಟ್ಟು ಗುರುತಿಸಬೇಡಿ. ಚಿಕ್ಕಮ್ಮನ ಮಗಳ ಮೆಹಂದಿ ವಿಡಿಯೋವನ್ನು ನಾನು ಒಂದಿಡೀ ರಾತ್ರಿ ಕೂತು ಹಾಗೆ ಮಾಡಿದ್ದೆ. ಹಾಡು ಕೇಳುತ್ತಾ, ಪೆಟ್ಟು ಬಿದ್ದ ಹಾಗೆ ಬೆರಳು ಒತ್ತಿ ಗುರುತು ಹಾಕಿದೆ. ಮಾರನೇ ದಿನ ಹಾಲ್‌ನಲ್ಲಿ ದೊಡ್ಡ ಪರದೆಯ ಮೇಲೆ ಹಾಕಿದಾಗ ಪ್ರತಿ ಕಟ್, ಅಂದರೆ ಒಂದು ಕ್ಲಿಪ್ಪಿನಿಂದ ಇನ್ನೊಂದಕ್ಕೆ ಹೋಗುವ ಜಾಗ, ಹಾಡಿಗಿಂತ ತಡ. ಅವಳು ಏನೂ ಹೇಳಲಿಲ್ಲ. ನನಗೆ ಅಳು ಬಂತು. ಬ್ಲೂಟೂತಿನಲ್ಲಿ ಸದ್ದು ಕಿವಿಗೆ ತಡವಾಗಿ ಬರುತ್ತದೆ, 0.2 ಸೆಕೆಂಡ್ ತಡ ಆಗುವುದು ಸಾಮಾನ್ಯ. ಕೇಳಿ ಬೆರಳು ಒತ್ತುವಷ್ಟರಲ್ಲಿ, ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ, ಹಾಡು ಆರು ಫ್ರೇಮ್ ಮುಂದೆ ಹೋಗಿರುತ್ತದೆ. ವಯರಿನ ಇಯರ್‌ಫೋನ್ ಹಾಕಿ. ಗುರುತನ್ನು ಕಿವಿಗಿಂತ ಕಣ್ಣಿನಿಂದ ಹಾಕಿ: ಟೈಮ್‌ಲೈನಿನಲ್ಲಿ ಹಾಡಿನ ಗೆರೆ ಗುಡ್ಡದ ಹಾಗೆ ಏಳುತ್ತದಲ್ಲ, ಅದು ಏಳಲು ಶುರುವಾಗುವ ಜಾಗವೇ ಪೆಟ್ಟು.

ಒಂದೆರಡು ಫ್ರೇಮ್ ಆಚೀಚೆ ಆದರೆ? ಯಾವ ಕಡೆ ತಪ್ಪಿತು ಅನ್ನುವುದು ಮುಖ್ಯ. ಸದ್ದು ಚಿತ್ರಕ್ಕಿಂತ ಮೊದಲು ಬಂದರೆ ಜನರಿಗೆ ಬೇಗ ಗೊತ್ತಾಗುತ್ತದೆ, 45 ಮಿಲಿಸೆಕೆಂಡಿಗೇ ಸಿಕ್ಕಿಬೀಳುತ್ತದೆ. ತಡವಾಗಿ ಬಂದರೆ 125 ಮಿಲಿಸೆಕೆಂಡ್‌ವರೆಗೂ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಹೊಳೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುವುದನ್ನು ನೋಡಿದ್ದೀರಾ? ಬಟ್ಟೆ ಕಲ್ಲಿಗೆ ಬಿದ್ದಾದ ಮೇಲೆ ಸದ್ದು ಬರುತ್ತದೆ. ಅದು ನಮ್ಮ ಕಣ್ಣು ಕಿವಿಗೆ ಅಭ್ಯಾಸ. ಸದ್ದು ಮೊದಲು ಬಂದದ್ದನ್ನು ನಾವು ಹುಟ್ಟಿದ ಮೇಲೆ ಕಂಡೇ ಇಲ್ಲ. ಹಾಗಾಗಿ ಅನುಮಾನ ಇದ್ದಾಗ ಚಿತ್ರವನ್ನೇ ಒಂದು ಫ್ರೇಮ್ ಮುಂಚೆ ಇಡಿ.

ಇದೇ ಕಾರಣಕ್ಕೆ ಕಂಬಳದ ವಿಡಿಯೋದವರು ತೊಂದರೆಗೆ ಸಿಗುತ್ತಾರೆ. ನೂರು ಮೀಟರ್ ದೂರದ ಸದ್ದು ಫೋನಿಗೆ ಬರಲು ಸುಮಾರು 0.3 ಸೆಕೆಂಡ್ ಬೇಕು, ಅಂದರೆ ಒಂಬತ್ತು ಫ್ರೇಮ್. ಜೂಮ್ ಮಾಡಿ ಕೋಣದ ಕಾಲು ಹತ್ತಿರ ತಂದಿರುತ್ತೀರಿ, ಸದ್ದು ಮಾತ್ರ ದೂರದಲ್ಲೇ ಉಳಿದಿರುತ್ತದೆ. ಸದ್ದನ್ನು ಕ್ಲಿಪ್ಪಿನಿಂದ ಬೇರೆ ಮಾಡಿ ಅಷ್ಟು ಎಡಕ್ಕೆ ಎಳೆಯಿರಿ.

ಎಷ್ಟು ಕಟ್ ಹಾಕಬೇಕು ಅಂತಲೂ ಕೇಳುತ್ತಾರೆ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಅರ್ಧ ನಿಮಿಷಕ್ಕೆ 60 ಪೆಟ್ಟು. ಅರವತ್ತಕ್ಕೂ ಕಟ್ ಮಾಡಿದರೆ ನೋಡುವವರಿಗೆ ತಲೆನೋವು. ನಾನು ನಾಲ್ಕು ಪೆಟ್ಟಿಗೊಂದು, ಕೆಲವೊಮ್ಮೆ ಎಂಟಕ್ಕೊಂದು ಹಾಕುತ್ತೇನೆ. ಚಂದದ ಮುಖ ಸಿಕ್ಕಿದರೆ ಹದಿನಾರು ಪೆಟ್ಟು ಬಿಡುತ್ತೇನೆ.

ಯಕ್ಷಗಾನಕ್ಕೆ ಈ ನಾಲ್ಕರ ಲೆಕ್ಕ ಹಾಕಬೇಡಿ, ಕೈಮುಗಿದು ಹೇಳುತ್ತೇನೆ. ತ್ರಿವುಡೆ ಏಳು ಅಕ್ಷರದ ತಾಳ, ಜಂಪೆ ಹತ್ತರದ್ದು. ಆ್ಯಪ್ ತಾನಾಗಿ ಹಾಕಿದ ಗುರುತನ್ನು ನಂಬಿ ನಾಲ್ಕು ನಾಲ್ಕಕ್ಕೆ ಕಟ್ ಮಾಡಿದರೆ ಕುಣಿತ ಮಧ್ಯದಲ್ಲೇ ತುಂಡಾಗುತ್ತದೆ. ಭಾಗವತರ ಜಾಗಟೆ ಕೇಳಿ. ಚೆಂಡೆಯ ಮುಕ್ತಾಯ ಬರುವವರೆಗೆ ಕಾಯಿರಿ, ಅಲ್ಲಿ ಕಟ್ ಮಾಡಿ. ಕಲಾವಿದರೇ ಅಲ್ಲಿ ಒಂದು ನಿಲುವು ಕೊಟ್ಟಿರುತ್ತಾರೆ.

ಹಾಡು ಎಲ್ಲಿಂದ ತರುವುದು ಅಂದರೆ, ಯೂಟ್ಯೂಬಿನ ಆಡಿಯೋ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತದೆ. ಸಿನಿಮಾ ಹಾಡಿಗೆ ಹಕ್ಕಿನ ತಕರಾರು ಬರಬಹುದು. ಅಂಗಡಿಯ ಬಿಸಿನೆಸ್ ಖಾತೆಯಾದರೆ ಇನ್‌ಸ್ಟಾಗ್ರಾಮಿನಲ್ಲಿ ಹೆಚ್ಚಿನ ಸಿನಿಮಾ ಹಾಡು ಸಿಗುವುದೂ ಇಲ್ಲ.

ಮೊನ್ನೆ ಪಕ್ಕದ ಮನೆ ಹುಡುಗ ಉಡುಪಿ ರಥಬೀದಿಯ ವಿಟ್ಲಪಿಂಡಿ (ಅಷ್ಟಮಿ ಮರುದಿನ ಮೊಸರು ಮಡಕೆ ಒಡೆಯುವ ಹಬ್ಬ) ವಿಡಿಯೋ ತಂದಿದ್ದ. "ಅಕ್ಕ, ಮಡಕೆ ಒಡೆಯುವಾಗ ಮ್ಯಾಚೇ ಆಗ್ತಿಲ್ಲ." ನೋಡಿದೆ. ಕೋಲು ತಾಗಿದ ಫ್ರೇಮಿಗೆ ಪೆಟ್ಟು ಇಟ್ಟಿದ್ದ. ನಾವು ಕಾಯುತ್ತಿದ್ದದ್ದು ಮೊಸರು ಚೆಲ್ಲುವುದನ್ನು. ಹಾಡನ್ನು ಐದು ಫ್ರೇಮ್ ಬಲಕ್ಕೆ ಸರಿಸು ಅಂದೆ. ಸರಿಸಿದ, ಓಡಿಸಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವನ ಅಮ್ಮ, "ಇನ್ನೊಮ್ಮೆ ಹಾಕು ಮಗಾ" ಅಂದರು.