ಎರಡು ಸೀಟು ತೆಗೆದರೆ ತೊಟ್ಟಿಲು ಕೂರುತ್ತದೆ

ತಂಗಿಯ ಕೂಸಿಗೆ ಐದು ತಿಂಗಳು ತುಂಬಿತು. ಇನ್ನು ಅವಳನ್ನು ಧಾರವಾಡಕ್ಕೆ, ಗಂಡನ ಮನೆಗೆ ಕಳಿಸಬೇಕು. ನಮ್ಮ ಮನೆ ಪುಣೆಯ ನಿಗಡಿಯಲ್ಲಿ. ಅಲ್ಲಿಂದ ಧಾರವಾಡಕ್ಕೆ 400 ಕಿಲೋಮೀಟರಿಗೂ ಜಾಸ್ತಿ. ಬಸ್ಸಿನಲ್ಲಿ ಕೂಸಿನ ಜೊತೆ ಅಷ್ಟು ದೂರ ಬೇಡ ಅಂದರು ಅವ್ವ. ರೈಲಿಗೆ ಸಾಮಾನು ಜಾಸ್ತಿಯಾಯಿತು. ಕೊನೆಗೆ ಕಾಕಾನ ಟೆಂಪೊ ಟ್ರಾವೆಲರ್ ಅಂತ ಗೊತ್ತಾಯಿತು. ಕಾಕಾ ಅದನ್ನು ವಾರದ ಐದು ದಿನ ಚಾಕಣದ ಕಂಪನಿಯೊಂದರ ಸ್ಟಾಫ್ ಕರೆದೊಯ್ಯಲು ಓಡಿಸುತ್ತಾರೆ, ಶನಿವಾರ ಭಾನುವಾರ ಟೂರಿಗೆ ಬಿಡುತ್ತಾರೆ. ಆ ವಾರ ಟೂರು ಬಿಟ್ಟು ನಮಗೆ ಕೊಟ್ಟರು. ಶುಕ್ರವಾರ ಸಂಜೆ ಗಾಡಿ ಬರುತ್ತದೆ, ಶನಿವಾರ ನಸುಕಿನಲ್ಲಿ ಹೊರಡಬೇಕು, ಸೋಮವಾರ ಬೆಳಿಗ್ಗೆ ಆರಕ್ಕೆ ಅದು ಮತ್ತೆ ಡ್ಯೂಟಿಗೆ ನಿಲ್ಲಬೇಕು.

ಡ್ರೈವರ್ ಬಿಟ್ಟು 13 ಸೀಟಿನ ಗಾಡಿ. ನಾವು ಹೋಗುವವರು ಏಳು ಜನ, ಜೊತೆಗೆ ಕೂಸು. ಲೆಕ್ಕ ಹಾಕಿದರೆ ಜಾಗ ಬೇಕಾದಷ್ಟಿದೆ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸೀಟು ಖಾಲಿ ಇದ್ದರೆ ಸಾಮಾನಿಗೆ ಜಾಗ ಇದೆ ಎಂದು ಅರ್ಥವಲ್ಲ. ಸೀಟಿನ ಮೇಲೆ ಚೀಲ ಇಡಬಹುದು, ಹಾಸಿಗೆ ಇಡಬಹುದು. ತೊಟ್ಟಿಲು ಇಡಲಾಗುವುದಿಲ್ಲ.

ಆ ತೊಟ್ಟಿಲಿನ ಬಗ್ಗೆ ಸ್ವಲ್ಪ ಹೇಳಬೇಕು. ಅದು ಕಲಘಟಗಿ ತೊಟ್ಟಿಲು. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಚಿತ್ರಗಾರರ ಮನೆಗಳಲ್ಲಿ ಮಾಡುತ್ತಾರೆ. ಸಾಗವಾನಿ ಕಟ್ಟಿಗೆ, ಅದರ ಮೇಲೆ ಕೃಷ್ಣನ ಕತೆ, ರಾಮಾಯಣದ ಚಿತ್ರ. 1986ರಲ್ಲಿ ನಾನು ಹುಟ್ಟಿದಾಗ ಅಜ್ಜಿ, ಅಂದರೆ ಅವ್ವನ ಅವ್ವ, ತವರಿನ ಉಡುಗೊರೆಯಾಗಿ ಮಾಡಿಸಿ ಕೊಟ್ಟದ್ದು. ಬಸ್ಸಿನ ಟಾಪಿನ ಮೇಲೆ ಕಟ್ಟಿ ಪುಣೆಗೆ ತಂದಿದ್ದರಂತೆ. ದಾರಿಯುದ್ದಕ್ಕೂ ಪ್ರತಿ ಸ್ಟ್ಯಾಂಡಿನಲ್ಲಿ ಅಜ್ಜ ಕೆಳಗಿಳಿದು ಮೇಲೆ ನೋಡುತ್ತಿದ್ದರಂತೆ. ಅದರಲ್ಲಿ ನಾನು ಮಲಗಿದೆ, ತಂಗಿ ಮಲಗಿದಳು, ನನ್ನ ಮಗ ಮಲಗಿದ. ಬಣ್ಣ ಇವತ್ತಿಗೂ ಹಾಗೇ ಇದೆ. ಈಗ ತಂಗಿಯ ಮಗಳ ಜೊತೆ ಅದು ತನ್ನ ಊರ ಕಡೆಗೆ ಹೊರಟಿತ್ತು. ಟ್ರಕ್ಕಿನವರ ಕೈಗೆ ಕೊಟ್ಟು ಕಳಿಸಲು ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಕಬ್ಬಿಣದ ಕಪಾಟು, ಗ್ಯಾಸ್ ಒಲೆ, ಕುರ್ಚಿಗಳನ್ನೆಲ್ಲ ಹಿಂದಿನ ವಾರವೇ ಪಾರ್ಸಲ್ ಟ್ರಕ್ಕಿಗೆ ಹಾಕಿದ್ದೆವು. ಉಳಿದದ್ದು ತೊಟ್ಟಿಲು, ಹೊಲಿಗೆ ಯಂತ್ರ, ತಂಗಿಯ ಕಬ್ಬಿಣದ ಟ್ರಂಕು, ಐದಾರು ಕೌದಿ, ಕೂಸಿನ ಬಟ್ಟೆಯ ಗಂಟುಗಳು, ಅಂಟಿನ ಉಂಡಿಯ ಡಬ್ಬಿ.

ಅಪ್ಪ ಫಿಟ್ಟರ್ ಆಗಿದ್ದವರು. 1979ರಲ್ಲಿ ಊರು ಬಿಟ್ಟು ಬಂದು ಆಕುರ್ಡಿಯ ಬಜಾಜ್ ಟೆಂಪೊದಲ್ಲಿ ಕೆಲಸಕ್ಕೆ ಸೇರಿದರು. 2005ರಲ್ಲಿ ಆ ಕಂಪನಿ ಫೋರ್ಸ್ ಮೋಟರ್ಸ್ ಆಯಿತು. ಅಪ್ಪ ಮಾತ್ರ ಇವತ್ತಿಗೂ 'ಟೆಂಪೊ' ಅಂತಲೇ ಅನ್ನುತ್ತಾರೆ. ಅದು ಜರ್ಮನಿಯ ಹ್ಯಾಂಬರ್ಗಿನ ಕಡೆಯ ಒಂದು ಕಂಪನಿಯ ಹೆಸರು. ನಮ್ಮೂರುಗಳಲ್ಲಿ ಸಾಮಾನು ಹೊರುವ ಚಿಕ್ಕ ಗಾಡಿಗೆಲ್ಲ ಟೆಂಪೊ ಅನ್ನುತ್ತೇವಲ್ಲ, ಆ ಮಾತು ಅಲ್ಲಿಂದ ಬಂದದ್ದು. ಕಾಕಾ ಗಾಡಿ ನಿಲ್ಲಿಸುವ ಮೊದಲೇ ಅಪ್ಪ 17ರ ಪಾನಾ, ಟಾರ್ಚು, ಸೀಮೆಎಣ್ಣೆ ಬಾಟಲಿ, ಹಳೇ ಗೋಣಿ ಚೀಲ ಹಿಡಿದು ಪಾರ್ಕಿಂಗಿನಲ್ಲಿ ನಿಂತಿದ್ದರು.

ಮೊದಲ ತಕರಾರು ಕಾಕಾನದೇ.

"ಅಣ್ಣಾ, ಎಷ್ಟು ಸೀಟು ಅಂತ ಆರ್‌ಸಿಯೊಳಗ ಬರದೈತಿ. ತಗದು ಓಡಿಸಿದ್ರ ಯಾರರ ಹಿಡದಾರು."

ಅವರ ಮಾತು ಸರಿಯೇ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಇದೆ. ಆರ್‌ಸಿಯ, ಅಂದರೆ ಗಾಡಿಯ ನೋಂದಣಿ ಪತ್ರದ, ವಿವರಕ್ಕೆ ತಾಳೆಯಾಗದ ಹಾಗೆ ಗಾಡಿಯನ್ನು ಬದಲಿಸಬಾರದು ಅನ್ನುತ್ತದೆ ಅದು. ಸೀಟು ತೆಗೆದು ಹಾಗೇ ಬಿಡುವುದಾದರೆ ಆರ್‌ಟಿಓಗೆ ಹೋಗಿ ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ನಾವು ಮಾಡಿದ್ದನ್ನು ನೋಡಿ ಯಾರೂ ಸುಮ್ನೆ ಪಾನಾ ಹಿಡಿಯಬೇಡಿ, ಮೊದಲು ಕೇಳಿಕೊಳ್ಳಿ. ಕಾಕಾ ತಮಗೆ ಗೊತ್ತಿದ್ದ ಒಬ್ಬರಿಗೆ ಫೋನ್ ಹಚ್ಚಿ ಹತ್ತು ನಿಮಿಷ ಮಾತಾಡಿದರು. ಆಮೇಲೆ ಮೂರು ಮಾತು ಹೇಳಿದರು. ಎಷ್ಟು ಕಡಿಮೆ ತೆಗೆಯಲು ಆಗುತ್ತದೋ ಅಷ್ಟೇ ತೆಗೆಯಬೇಕು, ಕೊರೆಯುವುದು ಕೊಯ್ಯುವುದು ಏನೂ ಇರಬಾರದು, ಭಾನುವಾರ ರಾತ್ರಿಯೇ ವಾಪಸ್ ಕೂರಿಸಬೇಕು. ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಅಂದರು.

ಮೊದಲು ನಾವು ತಪ್ಪು ಸೀಟು ತೆಗೆದೆವು.

ಎಲ್ಲರಿಗೂ ತಲೆಗೆ ಬರುವುದು ಅದೇ. ಕಡೆಯಲ್ಲಿ ಮೂರು ಜನ ಕೂರುವ ಉದ್ದನೆಯ ಬೆಂಚು ಇದೆ, ಅದನ್ನು ಬಿಚ್ಚಿದರೆ ಹಿಂದಿನ ಬಾಗಿಲಿನಿಂದ ಸಲೀಸಾಗಿ ಎಲ್ಲ ತುಂಬಬಹುದು. ಹಾಗೇ ಮಾಡಿದೆವು. ಬೋಲ್ಟುಗಳು ಸುಲಭಕ್ಕೆ ಬಿಡಲಿಲ್ಲ. ಮೇಲಿನಿಂದ ಒಬ್ಬರು ತಿರುಗಿಸಿದರೆ ಅಡಿಯಲ್ಲಿ ನಟ್ಟೂ ಜೊತೆಗೇ ತಿರುಗುತ್ತದೆ. ನನ್ನ ಯಜಮಾನರು ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿ ನಟ್ಟು ಹಿಡಿದರು. ಮಳೆಗಾಲದ ಕೆಸರು ಒಣಗಿ ಕಲ್ಲಾಗಿತ್ತು. ಸೀಮೆಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟರೂ ಒಂದು ಬೋಲ್ಟು ಬರಲಿಲ್ಲ, ಜೋರು ಮಾಡಿದಾಗ ತಲೆಯೇ ಮುರಿಯಿತು. ಪಕ್ಕದ ಬಿಲ್ಡಿಂಗಿನ ಮರಾಠಿ ಹುಡುಗ ಗ್ರೈಂಡರ್ ತಂದುಕೊಟ್ಟ. ಒಂಬತ್ತೂವರೆಗೆ ಬೆಂಚು ಹೊರಗೆ, ಸಾಮಾನು ಒಳಗೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು.

ಕಾಕಾ ಒಂದು ಸುತ್ತು ಹಾಕಿ ಬರುತ್ತೇನೆ ಎಂದು ಭಕ್ತಿ ಶಕ್ತಿ ಚೌಕದವರೆಗೆ ಹೋಗಿ ಬಂದರು. ಇಳಿದವರೇ, "ಸ್ಟೇರಿಂಗ್ ಹಗುರ ಆಗೇತಿ ಅಣ್ಣಾ, ಲೈಟು ಗಿಡದ ಮ್ಯಾಲೆ ಬೀಳಾಕತ್ತೈತಿ" ಅಂದರು.

ಅಪ್ಪ ಒಂದು ಕ್ಷಣ ಸುಮ್ಮನೆ ನಿಂತರು. ಗಾಡಿಯ ಹಿಂಭಾಗ ಕುಸಿದದ್ದು ಆಗ ನನ್ನ ಕಣ್ಣಿಗೂ ಬಿತ್ತು. ಕಡೆಯ ಬೆಂಚು ಇರುವುದು ಹಿಂದಿನ ಗಾಲಿಗಳಿಗಿಂತ ಹಿಂದೆ. ಅಲ್ಲಿ ಭಾರ ಹೇರಿದರೆ ಗಾಡಿಯ ಮೂತಿ ಮೇಲೇಳುತ್ತದೆ, ಮುಂದಿನ ಗಾಲಿ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಅಪ್ಪ ನನ್ನ ಮಗನಿಗೆ ಚಕ್ಕಡಿಯ ಲೆಕ್ಕದಲ್ಲಿ ಹೇಳಿದರು. "ಹಿಂದ ಹೇರಿದ್ರ ನೊಗ ಎದ್ದು ಎತ್ತಿನ ಕೊಳ್ಳ ಮ್ಯಾಲೆ ಜಗ್ಗತೈತಿ, ಮುಂದ ಹೇರಿದ್ರ ಕೊಳ್ಳ ಮುರದಂಗ ಬೀಳತೈತಿ. ಭಾರ ಅಚ್ಚಿನ ಹತ್ರ ಇರಬೇಕಪಾ." ಊರಲ್ಲಿ ಸಣ್ಣವರಿದ್ದಾಗ ಹುಲ್ಲು ಹೇರುತ್ತಿದ್ದವರು ಅವರು.

ಹೊತ್ತು ಹತ್ತು ದಾಟಿತ್ತು. ನಸುಕಿನಲ್ಲಿ ಹೊರಡಬೇಕು. ಕಟ್ಟಿದ್ದೇವಲ್ಲ, ನಿಧಾನ ಹೋದರಾಯಿತು ಅಂತ ಯಾರಾದರೂ ಅನ್ನಬಹುದಿತ್ತು. ಯಾರೂ ಅನ್ನಲಿಲ್ಲ. ಅದು ನನಗೆ ಇವತ್ತಿಗೂ ಸಮಾಧಾನದ ವಿಷಯ. ಎಲ್ಲವನ್ನೂ ಇಳಿಸಿದೆವು. ಬೆಂಚು ವಾಪಸ್ ಹಾಕಿದೆವು, ಮುರಿದ ಬೋಲ್ಟಿನ ಜಾಗಕ್ಕೆ ಅಪ್ಪನ ಡಬ್ಬಿಯಿಂದ ಅದೇ ಅಳತೆಯ ಹೊಸದು. ಈ ಸಲ ತೆಗೆದದ್ದು ಮೂರನೇ ಸಾಲಿನ ಜೋಡಿ ಸೀಟು, ಹಿಂದಿನ ಗಾಲಿಗಿಂತ ತುಸು ಮುಂದೆ ಇರುವುದು. ಎರಡೇ ಸೀಟು. ಅಪ್ಪ ಈಗ ಟೇಪು ಹಿಡಿದು ಅಳೆದರು. ತೊಟ್ಟಿಲು ಮೂರಡಿ ಉದ್ದ, ಎರಡಡಿ ಅಗಲ. ಅಡ್ಡಲಾಗಿ ಇಟ್ಟರೆ ಓಡಾಡುವ ದಾರಿಗೆ ಬರದೆ ಸರಿಯಾಗಿ ಕೂರುತ್ತದೆ.

ಎರಡನೇ ಸಾಲಿನ ಸೀಟಿನ ಬೆನ್ನಿಗೆ ಒತ್ತಿ, ನೆಲಕ್ಕೆ ಟ್ರಂಕು. ಹೊಲಿಗೆ ಯಂತ್ರದ ತಲೆಯನ್ನು ಬಿಚ್ಚಿ ಟ್ರಂಕಿನೊಳಗೆ ಬಟ್ಟೆಯ ನಡುವೆ ಇಟ್ಟಿದ್ದೆವು. ಅದರ ಹಿಂದೆ ಕೌದಿ ಸುತ್ತಿದ ತೊಟ್ಟಿಲು. ಅವ್ವ ಹಳೇ ಸೀರೆಗಳಿಂದ ಹೊಲಿದ ಕೌದಿಗಳು ಅವು, ಬಣ್ಣಕ್ಕೆ ಅದಕ್ಕಿಂತ ಮೆತ್ತನೆಯದು ಬೇರೆ ಸಿಗಲಾರದು. ಹಗುರ ಗಂಟುಗಳೆಲ್ಲ ಕಡೆಯ ಬೆಂಚಿನ ಮೇಲೆ, ಸೀಟಿನ ಬೆಲ್ಟು ಹಾಕಿ. ಸೀಟು ತೆಗೆದ ತೂತುಗಳಲ್ಲೇ ಅಪ್ಪ ಕೊಂಡಿ ಇರುವ ಬೋಲ್ಟು ಕೂರಿಸಿ, ಅಡಿಯಿಂದ ವಾಷರ್ ಕೊಟ್ಟು ನಟ್ಟು ಬಿಗಿದು, ಟ್ರಕ್ಕಿನವರು ಬಳಸುವ ಪಟ್ಟಿಯಿಂದ ಟ್ರಂಕು, ತೊಟ್ಟಿಲು ಎರಡನ್ನೂ ಬೇರೆ ಬೇರೆಯಾಗಿ ಕಟ್ಟಿದರು. ಉಳಿದ ತೂತುಗಳಿಗೆ ರಬ್ಬರ್ ತುಂಡು ತುರುಕಿ ಮೇಲೆ ಟೇಪು. ಇಲ್ಲದಿದ್ದರೆ ಧೂಳಷ್ಟೇ ಅಲ್ಲ, ಸೈಲೆನ್ಸರಿನ ಹೊಗೆಯೂ ಒಳಗೆ ಬರಬಹುದು, ಕೂಸು ಇದೆ.

ಇಷ್ಟೊಂದು ಯಾಕೆ ಕಟ್ಟಬೇಕು ಎಂದು ನನ್ನ ಮಗ ಕೇಳಿದ. ಅವನಿಗೆ ಎಂಟು ವರ್ಷ. ಗಾಡಿ 60ರಲ್ಲಿ ಹೋಗುವಾಗ ಟ್ರಂಕೂ 60ರಲ್ಲೇ ಹೋಗುತ್ತಿರುತ್ತದೆ, ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್, ಬ್ರೇಕು ಹತ್ತುವುದು ಗಾಲಿಗೆ, ಟ್ರಂಕಿಗಲ್ಲ ಅಂದರು ಅಪ್ಪ.

ಇನ್ನು ಜನ. ನಿಜ ಹೇಳಬೇಕೆಂದರೆ ಇದೇ ಕಷ್ಟದ ಭಾಗ, ಇದನ್ನೇ ನಾವು ಕಡೆಗೆ ಇಟ್ಟುಕೊಂಡಿದ್ದೆವು. ಕೂಸಿನ ಸೀಟನ್ನು ಹಿಂದಕ್ಕೆ ಮುಖ ಮಾಡಿ ಕಟ್ಟಬೇಕು. ನಮ್ಮದು ಸೊಂಟದ ಬೆಲ್ಟಿನಲ್ಲೂ ಕಟ್ಟಬಹುದಾದ ಸೀಟು. ಆದರೆ ಎಲ್ಲ ಬೆಲ್ಟುಗಳೂ ಒಂದೇ ಉದ್ದ ಇರಲಿಲ್ಲ. ಒಂದೊಂದಾಗಿ ಹಾಕಿ ನೋಡುತ್ತ ಹೋದೆವು. ಎರಡನೇ ಸಾಲಿನ ಕಿಟಕಿ ಸೀಟಿನದು ಮಾತ್ರ ಸುತ್ತಿ ಬಂದು ಗಟ್ಟಿಯಾಗಿ ಹಿಡಿಯಿತು. ಅದರ ಪಕ್ಕ ತಂಗಿ. ಅವರ ಬೆನ್ನಿಗೇ ಟ್ರಂಕು ಬರುತ್ತದೆಂದು ಅಪ್ಪ ಮತ್ತೆ ಪಟ್ಟಿ ಎಳೆದು ನೋಡಿದರು. ಸೀಟಿನ ದಿಂಬಿನ ಎತ್ತರ ದಾಟುವ ಯಾವ ಗಟ್ಟಿ ವಸ್ತುವೂ ಅಲ್ಲಿರಲಿಲ್ಲ.

ಅಜ್ಜಿಗೆ ಮೊಣಕಾಲು ಆಪರೇಷನ್ ಆಗಿ ಏಳು ತಿಂಗಳು. ಬಾಗಿಲ ಹತ್ತಿರದ ಮೊದಲ ಸಾಲಿನಲ್ಲಿ ಕಾಲು ಚಾಚಲು ಜಾಗ ಇದೆ, ಇಳಿಯುವುದೂ ಸುಲಭ. ನಾವೆಲ್ಲ ಅದನ್ನೇ ಗೊತ್ತು ಮಾಡಿದ್ದೆವು. ಮಲಗುವ ಮೊದಲು ಒಮ್ಮೆ ನೋಡುತ್ತೇನೆ ಎಂದು ಅಜ್ಜಿ ಲಿಫ್ಟಿನಲ್ಲಿ ಕೆಳಗೆ ಬಂದರು. ಗಾಡಿ ಹತ್ತಿದರು. ಮೊದಲ ಸಾಲು ದಾಟಿ, ಸೀಟು ಹಿಡಿದುಕೊಂಡು ಮೆಲ್ಲಗೆ ನಡೆದು, ಮೂರನೇ ಸಾಲಿನ ಒಂಟಿ ಸೀಟಿನಲ್ಲಿ, ತೊಟ್ಟಿಲಿನ ಎದುರು ಕೂತರು.

"ನಾ ಇಲ್ಲೇ ಕೂಡಾಕಿ."

"ಅವ್ವಾ, ಕಾಲು ಹಿಡಕೋತೈತಿ ಅಲ್ಲಿ" ಅಂದರು ನನ್ನ ಅವ್ವ.

"ಆವಾಗ ನಿಮ್ಮಪ್ಪ ಟಾಪಿನ ಮ್ಯಾಲೆ ನೋಡಕೋತ ಬಂದ್ರು. ಈಗ ನಾ ಬಾಜೂಕ ಕೂತು ಹೋಗತೇನಿ."

ಆಮೇಲೆ ಯಾರೂ ಬೇಡ ಅನ್ನಲಿಲ್ಲ. ಅವ್ವ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಪ್ಪ ಮನೆಯಿಂದ ಅಡಿಗೆಮನೆಯ ಮಣೆ ತಂದು, ಅದರ ಮೇಲೆ ದಿಂಬು ಕಟ್ಟಿ, ಅಜ್ಜಿಯ ಕಾಲ ಕೆಳಗೆ ಜಾರದ ಹಾಗೆ ಕೂರಿಸಿದರು. ಕಾಲು ದಾರಿಗೆ ಅಡ್ಡ ಬಂತು. ಹಾಗಾಗಿ ಅಜ್ಜಿಗಿಂತ ಹಿಂದೆ ಯಾರೂ ಕೂರುವ ಹಾಗಿಲ್ಲ, ಹಿಂದೆ ಸಾಮಾನು ಮಾತ್ರ. ಅವ್ವ ಅಜ್ಜಿಯ ಮುಂದಿನ ಒಂಟಿ ಸೀಟಿಗೆ ಬಂದರು, ನಾನೂ ಮಗನೂ ಮೊದಲ ಸಾಲಿನ ಜೋಡಿಗೆ, ಅಪ್ಪ ನಮ್ಮ ಪಕ್ಕದ ಒಂಟಿಗೆ. ಯಜಮಾನರು ಡ್ರೈವರ್ ಪಕ್ಕ, ಕಾಕಾನ ಜೊತೆ ಮಾತಾಡಲು. ಮತ್ತೊಂದು ಸುತ್ತು ಹೋಗಿ ಬಂದ ಕಾಕಾ ತಲೆ ಆಡಿಸಿದಾಗ ಹನ್ನೆರಡೂವರೆ.

ಪ್ರಯಾಣದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ನಾಲ್ಕೂವರೆಗೆ ಹೊರಟೆವು. ಖಂಬಾಟ್ಕಿ ಘಾಟ್ ಏರುವಾಗ ನಾವೆಲ್ಲ ತಿರುತಿರುಗಿ ತೊಟ್ಟಿಲನ್ನೇ ನೋಡುತ್ತಿದ್ದೆವು, ಅದು ಅಲುಗಲಿಲ್ಲ. ಕರಾಡ ದಾಟಿದ ಮೇಲೆ ಒಬ್ಬ ಬೈಕಿನವನು ಡಿವೈಡರ್ ಸಂದಿಯಿಂದ ಅಡ್ಡ ಬಂದ. ಕಾಕಾ ಬ್ರೇಕು ಒತ್ತಿದರು. ಟ್ರಂಕು, ತೊಟ್ಟಿಲು, ಗಂಟು ಒಂದೂ ಜರುಗಲಿಲ್ಲ. ಜರುಗಿದ್ದು ಒಂದು ನೀರಿನ ಬಾಟಲಿ. ಹೊರಡುವ ಗಡಿಬಿಡಿಯಲ್ಲಿ ನಾನು ಕಾಲ ಬಳಿ ನಿಲ್ಲಿಸಿದ್ದು. ಅದು ಉರುಳಿ ಹೋಗಿ ಕಾಕಾನ ಸೀಟಿನ ಅಡಿಗೆ ನಿಂತಿತು. ಇನ್ನೊಂದು ಗೇಣು ಹೋಗಿದ್ದರೆ ಪೆಡಲಿನ ಕೆಳಗೆ. ನನ್ನ ಕೈಕಾಲು ತಣ್ಣಗಾದವು. ಅಲ್ಲೇ ಬದಿಗೆ ನಿಲ್ಲಿಸಿ, ಬುತ್ತಿ ಚೀಲ, ಚಪ್ಪಲಿ, ಬಾಟಲಿ, ಬಿಡಿಯಾಗಿ ಇದ್ದದ್ದನ್ನೆಲ್ಲ ಬೆಲ್ಟು ಹಾಕಿದ ಚೀಲದೊಳಗೆ ತುಂಬಿದೆ.

ಕೊಗನೋಳಿ ದಾಟಿ ಕನ್ನಡ ಬೋರ್ಡು ಕಂಡಾಗ ಅಜ್ಜಿ ನಿದ್ದೆಯಲ್ಲಿದ್ದರು, ಕೈ ಕೌದಿಯ ಮೇಲೆ. ನಿಪ್ಪಾಣಿಯಲ್ಲಿ ಚಹಾ. ಎರಡು ಗಂಟೆಗೆ ಧಾರವಾಡ. ತೊಟ್ಟಿಲಿನ ಒಂದು ಚಿತ್ರಕ್ಕೂ ಗೀರು ಬಿದ್ದಿರಲಿಲ್ಲ, ಅಜ್ಜಿ ಬೆರಳಾಡಿಸಿ ಎಲ್ಲ ಬದಿ ನೋಡಿದರು.

ಭಾನುವಾರ ರಾತ್ರಿ ಹತ್ತಕ್ಕೆ ನಿಗಡಿಗೆ ಬಂದೆವು. ಜೋಡಿ ಸೀಟು ಎರಡು ದಿನ ನಮ್ಮ ಹಾಲಿನಲ್ಲೇ ಇತ್ತು. ಅಪ್ಪ ಊಟಕ್ಕೂ ಕೂರದೆ ಅದನ್ನು ಕೆಳಗೆ ತರಿಸಿದರು. ಕೊಂಡಿ ಬೋಲ್ಟು ಬಿಚ್ಚಿ, ತೂತಿನ ಟೇಪು ಕಿತ್ತು, ಸೀಟು ಕೂರಿಸಿ, ನಾಲ್ಕೂ ಬೋಲ್ಟಿಗೆ ಬೆರಳಿನಿಂದ ಗ್ರೀಸು ಹಚ್ಚಿ ಬಿಗಿದರು. ನಾನು ಟಾರ್ಚು ಹಿಡಿದಿದ್ದೆ.

"ಗ್ರೀಸು ಯಾಕಪ್ಪಾ?" ಅಂದೆ.

"ಮುಂದಿನ ಸಲ ಬಿಚ್ಚಾಕ ಸಲೀಸ ಆಗತೈತಿ" ಅಂದರು. ಆಮೇಲೆ ಬೆಂಚಿನ ಬೋಲ್ಟುಗಳಿಗೂ ಹಚ್ಚಿದರು.