ಕೆಐ-67 ಜಾಸ್ತಿ ಬಂದಿದೆ, ಗತಿ ಏನು?

ಪ್ಯಾಥಾಲಜಿ ಓದಿದ ತಪ್ಪಿಗೆ, ನೆಂಟರಲ್ಲಿ ಯಾರಿಗೇ ಎದೆ ಗಂಟಿನ ಬಯಾಪ್ಸಿ ಆಗ್ಲಿ, ರಿಪೋರ್ಟ್ ಫೋಟೋ ಮೊದ್ಲು ನನ್ನ ವಾಟ್ಸಾಪಿಗೆ ಬರುತ್ತೆ. ಒಂದೇ ಒಂದು ಲೈನ್ ಕ್ರಾಪ್ ಮಾಡಿರ್ತಾರೆ, ಕೆಐ-67: 60 ಪರ್ಸೆಂಟ್. ಕೆಳಗೆ, "ಅಕ್ಕಾ, ಅರವತ್ತು ಪರ್ಸೆಂಟ್ ಹರಡಿಬಿಟ್ಟಿದ್ಯಾ?"

ಇಲ್ಲ ಕಣ್ರೀ. ಹರಡಿದ್ಯೋ ಇಲ್ವೋ ಅಂತ ಈ ನಂಬರ್ ಹೇಳಲ್ಲ, ಅದಕ್ಕೆ ಸ್ಕ್ಯಾನು, ಕಂಕುಳ ಗಂಟಿನ ಟೆಸ್ಟು ಬೇರೆನೇ ಇದೆ. ಒಂದು ಊರಲ್ಲಿ ನೂರು ಮನೆ, ಬೆಳಗ್ಗೆ ಎದ್ದು ನೋಡಿದ್ರೆ ಎಷ್ಟು ಮನೇಲಿ ಒಲೆ ಹೊತ್ತಿದೆ ಅನ್ನೋ ಲೆಕ್ಕ ಇದು, ಅಷ್ಟೇ. ವಿಭಜನೆ ಆಗೋ ಹಾದಿಯಲ್ಲಿರೋ ಜೀವಕೋಶದಲ್ಲಿ ಕೆಐ-67 ಅನ್ನೋ ಪ್ರೋಟೀನ್ ಇರುತ್ತೆ, ಸುಮ್ನೆ ಮಲಗಿರೋದ್ರಲ್ಲಿ ಇರಲ್ಲ. ನಾವು ಸ್ಲೈಡಿಗೆ ಸ್ಟೇನ್ ಹಾಕಿ ಕಂದು ಬಣ್ಣ ಹಿಡಿದ ಕ್ಯಾನ್ಸರ್ ಕೋಶಗಳನ್ನ ಎಣಿಸ್ತೀವಿ. ಒಲೆ ಹೊತ್ತಿದೆ ಅಂತ ಗೊತ್ತಾಗುತ್ತೆ, ಅನ್ನ ಎಷ್ಟೊತ್ತಿಗೆ ಆಗುತ್ತೆ ಅಂತ ಗೊತ್ತಾಗಲ್ಲ. (ಹೆಸರಿನ ಕಥೆ ಮಜಾ ಇದೆ: ಜರ್ಮನಿಯ ಕೀಲ್ ಅನ್ನೋ ಊರಿನ ಇಂಗ್ಲಿಷ್ ಸ್ಪೆಲ್ಲಿಂಗಿನ ಮೊದಲೆರಡು ಅಕ್ಷರ, 67 ಅನ್ನೋದು ಲ್ಯಾಬ್ ಪ್ಲೇಟಿನಲ್ಲಿದ್ದ ಗುಂಡಿ ನಂಬರು, 1983ರಲ್ಲಿ ಪೇಪರ್ ಬಂತು. ಇಷ್ಟೊಂದು ಜನಕ್ಕೆ ನಿದ್ದೆ ಕೆಡಿಸೋ ಹೆಸರು ಬರೀ ಒಂದು ಗುಂಡಿ ನಂಬರು!)

ಆಮೇಲೆ ಬರೋ ಪ್ರಶ್ನೆ, "ಹಂಗಾದ್ರೆ ಜಾಸ್ತಿ ಇದ್ರೆ ಕೆಟ್ಟದ್ದಾ?" ಒಳ್ಳೇದು ಅಂತ ಸುಳ್ಳು ಹೇಳಲ್ಲ, ಆದ್ರೆ ಇಲ್ಲೊಂದು ತಿರುವಿದೆ. ಕೀಮೋ ಔಷಧಿಗಳು ಮುಖ್ಯವಾಗಿ ಹಿಡಿಯೋದೇ ವಿಭಜನೆ ಆಗ್ತಿರೋ ಕೋಶನ, ಅದಕ್ಕೇ ಕೂದಲು ಉದುರೋದು, ಬಾಯಿ ಹುಣ್ಣಾಗೋದು, ಅಲ್ಲೂ ಕೋಶಗಳು ಬೇಗ ಬೇಗ ಹುಟ್ತಿರ್ತವಲ್ಲ. ಹಾಗಾಗಿ ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ರಿಸೆಪ್ಟರೂ ಇಲ್ಲ, ಹರ್-2ನೂ ಜಾಸ್ತಿ ಇಲ್ಲ), ಹರ್-2 ಪಾಸಿಟಿವ್ (ಕೋಶ ಬೆಳೆಸೋ ಹರ್-2 ಅನ್ನೋ ಪ್ರೋಟೀನ್ ಜಾಸ್ತಿ ಇರೋದು) ಥರದ ಜೋರಾಗಿ ಬೆಳೆಯೋ ಗಂಟುಗಳೇ ಎಷ್ಟೋ ಸಲ ಕೀಮೋಗೆ ಚೆನ್ನಾಗಿ ಕರಗ್ತವೆ. ಆಪರೇಷನ್‌ಗೆ ಮುಂಚೆ ಕೀಮೋ ಕೊಟ್ಟ ಪೀಸ್ ನನ್ನ ಟೇಬಲ್‌ಗೆ ಬಂದಾಗ, ಗಂಟಿದ್ದ ಜಾಗ ಹುಡುಕಿ ಹುಡುಕಿ, ತೆಳ್ಳಗೆ ಕೊಯ್ದು ಕೊಯ್ದು ನೋಡಿದ್ರೂ ಬರೀ ಗಾಯದ ಕಲೆ ಸಿಕ್ಕಿ ಒಂದು ಕ್ಯಾನ್ಸರ್ ಕೋಶಾನೂ ಕಾಣದೇ ಇದ್ರೆ, ಅವತ್ತು ಟೀ ರುಚಿನೇ ಬೇರೆ. ಅದೇ 5 ಪರ್ಸೆಂಟ್ ಬಂದಿರೋ ಹಾರ್ಮೋನ್ ಪಾಸಿಟಿವ್ (ಹಾರ್ಮೋನ್ ಹಿಡಿದು ಬೆಳೆಯೋ) ಗಂಟು ಕೀಮೋಗೆ ಜಗ್ಗೋದು ಕಮ್ಮಿ, ಅದಕ್ಕೆ ಬೇಕಾಗಿರೋದು ಹಾರ್ಮೋನ್ ತಡೆಯೋ ಮಾತ್ರೆ.

ನನ್ನ ಕೇಳಿದ್ರೆ ಮೊದಲ ದಿನದ ನಂಬರಿಗಿಂತ, ಔಷಧಿ ಶುರುವಾದ ಮೇಲೆ ಅದು ಇಳೀತಾ ಅನ್ನೋದು ಹೆಚ್ಚು ಮಾತಾಡುತ್ತೆ. ಬ್ರಿಟನ್ನಿನ ಪೊಯೆಟಿಕ್ ಅನ್ನೋ ಟ್ರಯಲ್ ಇದೆ, ಮುಟ್ಟು ನಿಂತ, ಹಾರ್ಮೋನ್ ಪಾಸಿಟಿವ್ ಇದ್ದ 4,480 ಹೆಂಗಸರು, ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಆಪರೇಷನ್‌ಗೆ ಮುಂಚೆ ಎರಡು ವಾರ ಹಾರ್ಮೋನ್ ತಡೆಯೋ ಮಾತ್ರೆ ಕೊಟ್ರು. ಆ ಮಾತ್ರೆ ತಗೊಂಡ ಹರ್-2 ನೆಗೆಟಿವ್ ಹೆಂಗಸರಲ್ಲಿ, ಮೊದಲಿಂದ್ಲೂ ಕಮ್ಮಿ ಇದ್ದವರಿಗೆ 5 ವರ್ಷದೊಳಗೆ ಮರುಕಳಿಸಿದ್ದು 4.3 ಪರ್ಸೆಂಟ್, ಜಾಸ್ತಿ ಇದ್ದು ಎರಡು ವಾರದಲ್ಲಿ ಇಳಿದವರಿಗೆ 8.4, ಇಳೀದೇ ಹಾಗೇ ಉಳಿದವರಿಗೆ 21.5. ಒಲೆ ಆರ್ತಾ ಇಲ್ಲ ಅಂದ್ರೆ ಬೇರೆ ಔಷಧಿ ಯೋಚನೆ ಮಾಡ್ಬೇಕು ಅಂತ ಅರ್ಥ.

ಇನ್ನೊಂದು ವಿಷಯ ನಮ್ಮವರೇ ಒಪ್ಕೋಬೇಕು. ಒಂದೇ ಸ್ಲೈಡ್ ನೋಡಿ ನಾನು 18 ಅಂದ್ರೆ ಪಕ್ಕದ ಟೇಬಲಿನವರು 25 ಅಂತಾರೆ, ಪೀಸ್ ಕೆಡದಂತೆ ಇಡೋ ಫಾರ್ಮಲಿನ್‌ಗೆ ಲೇಟಾಗಿ ಬಿದ್ರೂ ನಂಬರ್ ಏರುಪೇರು. ಈ ವಿಷಯಕ್ಕೇ ಅಂತ ಇರೋ ಅಂತರರಾಷ್ಟ್ರೀಯ ತಜ್ಞರ ಗುಂಪು, ಹಾರ್ಮೋನ್ ಪಾಸಿಟಿವ್ ಶುರುವಿನ ಹಂತದಲ್ಲಿ 5 ಅಥವಾ ಅದಕ್ಕಿಂತ ಕಮ್ಮಿ, ಇಲ್ಲಾ 30 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ನಂಬಿ, ಮಧ್ಯದ್ದನ್ನ ನಂಬಿ ಕೀಮೋ ತೀರ್ಮಾನ ಮಾಡ್ಬೇಡಿ ಅನ್ನುತ್ತೆ. ಸ್ತನ ಕ್ಯಾನ್ಸರ್ ಮರುಕಳಿಸದ ಹಾಗೆ ಕೊಡೋ ಅಬೆಮಾಸಿಕ್ಲಿಬ್ ಮಾತ್ರೆಗೆ ಅಮೆರಿಕಾದಲ್ಲಿ 2021ರಲ್ಲಿ ಕೆಐ-67 ಕಮ್ಮಿ ಅಂದ್ರೂ 20 ಪರ್ಸೆಂಟ್ ಇರ್ಬೇಕು ಅಂತ ಷರತ್ತಿತ್ತು, 2023ರಲ್ಲಿ ಅದನ್ನೂ ತೆಗೆದ್ರು.

ಅದಕ್ಕೇ ಫೋಟೋ ಕಳಿಸೋವಾಗ ದಯವಿಟ್ಟು ಕ್ರಾಪ್ ಮಾಡ್ಬೇಡಿ. ಇಆರ್, ಪಿಆರ್ (ಇವೆರಡು ಹಾರ್ಮೋನ್ ರಿಸೆಪ್ಟರ್ ಟೆಸ್ಟು), ಹರ್-2, ಗ್ರೇಡು (ಕೋಶಗಳ ರೂಪ ಎಷ್ಟು ಕೆಟ್ಟಿದೆ ಅನ್ನೋದು) ಎಲ್ಲಾ ಇರೋ ಪೂರ್ತಿ ಪುಟ ಕಳ್ಸಿ, ಆಮೇಲೆ ಮಾತಾಡೋಣ.